ಟರ್ನರ್ ಸಿಂಡ್ರೋಮ್ ಇರುವ ಮಹಿಳೆಯ ಬದುಕು: ಎತ್ತರಕ್ಕಿಂತ ಮುಖ್ಯವಾದ ಸಂಗತಿಗಳು

ಪ್ರಶ್ನೆ: ನನಗೆ 27 ವರ್ಷ, ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ಎತ್ತರ 143 ಸೆಂಟಿಮೀಟರ್. ಹದಿನೈದು ತುಂಬಿದರೂ ಮೈನೆರೆಯಲಿಲ್ಲವೆಂದು ಅಪ್ಪ ಅಮ್ಮ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು. ‘ಹಾರ್ಮೋನ್ ಕಡಿಮೆ ಇದೆ’ ಎಂದಷ್ಟೇ ನನಗೆ ಹೇಳಿದರು. ಮಾತ್ರೆ ತೆಗೆದುಕೊಳ್ಳುತ್ತಿದ್ದಾಗ ತಿಂಗಳಿಗೊಮ್ಮೆ ಮುಟ್ಟಾಗುತ್ತಿತ್ತು. ಹೇಗೂ ಮಕ್ಕಳಾಗುವುದಿಲ್ಲವಂತೆ, ಮಾತ್ರೆ ಯಾಕೆ ಎಂದು ನಾಲ್ಕು ವರ್ಷಗಳ ಹಿಂದೆ ನಿಲ್ಲಿಸಿದೆ. ಈಚೆಗೆ ಮನೆಯ ಹಳೆಯ ಫೈಲಿನಲ್ಲಿ ‘45,ಎಕ್ಸ್ – ಟರ್ನರ್ ಸಿಂಡ್ರೋಮ್’ ಎಂಬ ವರದಿ ಸಿಕ್ಕಿತು. ಸದಾ ಆಯಾಸ, ರಾತ್ರಿ ನಿದ್ದೆ ಸರಿಯಾಗಿ ಬರುವುದಿಲ್ಲ, ಮದುವೆ ಮುಂಜಿಗಳಿಗೆ ಹೋಗಲು ಮನಸ್ಸಾಗುವುದಿಲ್ಲ. ಮನೆಯಲ್ಲಿ ಸಂಬಂಧ ನೋಡುತ್ತಿದ್ದಾರೆ. ನಾನು ಎಲ್ಲರಂತೆ ಬಾಳಬಲ್ಲೆನೇ? ಹುಡುಗನ ಕಡೆಯವರಿಗೆ ಏನೆಂದು ಹೇಳಲಿ? ಅಮ್ಮ ಇದನ್ನು ನನ್ನಿಂದ ಯಾಕೆ ಮುಚ್ಚಿಟ್ಟರು ಎಂದು ಕೇಳಲೂ ಧೈರ್ಯ ಬರುತ್ತಿಲ್ಲ.

ಉತ್ತರ: ನೀವು ಚೆನ್ನಾಗಿ ಬಾಳಬಲ್ಲಿರಿ. ಸಮಾಧಾನಕ್ಕಾಗಿ ಈ ಮಾತನ್ನು ಹೇಳುತ್ತಿಲ್ಲ. ಹಾರ್ಮೋನ್ ತಜ್ಞೆಯಾಗಿ ಇಂಥ ಹೆಣ್ಣುಮಕ್ಕಳನ್ನು ಬಾಲ್ಯದಿಂದ ನಡುವಯಸ್ಸಿನವರೆಗೆ ನೋಡುತ್ತಾ ಬಂದಿರುವುದರಿಂದ ಹೇಳುತ್ತಿದ್ದೇನೆ. ಆದರೆ ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಆತಂಕ ಹುಟ್ಟಿಸಿದ್ದು 45,ಎಕ್ಸ್ ಎಂಬ ವರದಿಯಲ್ಲ, ನಾಲ್ಕು ವರ್ಷಗಳಿಂದ ಮಾತ್ರೆ ನಿಂತಿರುವುದು. ಟರ್ನರ್ ಸಿಂಡ್ರೋಮ್ ಇರುವ ಮಹಿಳೆಯ ಬದುಕಿನ ಗುಣಮಟ್ಟವನ್ನು ನಿರ್ಧರಿಸುವ ಸಂಗತಿಗಳಲ್ಲಿ ಹೆಚ್ಚಿನವು ಕ್ರೋಮೋಸೋಮಿನಂತೆ ಬದಲಾಯಿಸಲಾಗದವಲ್ಲ. ಹಾರ್ಮೋನ್ ಚಿಕಿತ್ಸೆ ತಪ್ಪದೆ ನಡೆಯುತ್ತಿದೆಯೇ, ಕಿವಿ ಸರಿಯಾಗಿ ಕೇಳಿಸುತ್ತಿದೆಯೇ, ಹೃದಯದ ತಪಾಸಣೆ ಆಗುತ್ತಿದೆಯೇ, ತನ್ನ ದೇಹದ ಬಗೆಗಿನ ನಿಜ ಆಕೆಗೆ ತಿಳಿದಿದೆಯೇ ಎಂಬ ಪ್ರಶ್ನೆಗಳಿಗೆ ಸಿಗುವ ಉತ್ತರದ ಮೇಲೆ ಬಹಳಷ್ಟು ನಿಂತಿದೆ. ನಿಮ್ಮ ವಿಷಯದಲ್ಲಿ ಈ ನಾಲ್ಕೂ ಕಡೆ ಕೆಲಸ ಬಾಕಿ ಇರುವಂತೆ ಕಾಣುತ್ತದೆ. ನಾಲ್ಕನ್ನೂ ಈ ವಯಸ್ಸಿನಲ್ಲಿ ಸರಿಪಡಿಸಿಕೊಳ್ಳಬಹುದು.

ಮೊದಲು ಆ ವರದಿಯ ಅರ್ಥವೇನೆಂದು ನೋಡೋಣ. ಸಾಮಾನ್ಯವಾಗಿ ಹೆಣ್ಣಿನ ಜೀವಕೋಶಗಳಲ್ಲಿ ಎರಡು ಎಕ್ಸ್ ಕ್ರೋಮೋಸೋಮುಗಳೂ ಸೇರಿ ಒಟ್ಟು 46 ಕ್ರೋಮೋಸೋಮುಗಳಿರುತ್ತವೆ. ನಿಮ್ಮಲ್ಲಿ ಒಂದು ಎಕ್ಸ್ ಇಲ್ಲ, ಆದ್ದರಿಂದ 45. ಟರ್ನರ್ ಸಿಂಡ್ರೋಮ್ ಇರುವವರೆಲ್ಲರ ವರದಿಯೂ ಹೀಗೇ ಇರುವುದಿಲ್ಲ. ಕೆಲವರಲ್ಲಿ ಒಂದಷ್ಟು ಜೀವಕೋಶಗಳಲ್ಲಿ ಎರಡು ಎಕ್ಸ್, ಉಳಿದವುಗಳಲ್ಲಿ ಒಂದೇ ಎಕ್ಸ್ ಇರುವ ಮಿಶ್ರ ಸ್ಥಿತಿ ಇರುತ್ತದೆ, ಇನ್ನು ಕೆಲವರಲ್ಲಿ ಎರಡನೆಯ ಎಕ್ಸ್‌ನ ಒಂದು ಭಾಗ ಮಾತ್ರ ಇಲ್ಲವಾಗಿರುತ್ತದೆ. ಅಮೆರಿಕದ ಒಕ್ಲಹಾಮಾದ ವೈದ್ಯ ಹೆನ್ರಿ ಟರ್ನರ್ 1938ರಲ್ಲಿ ಏಳು ಮಹಿಳೆಯರಲ್ಲಿ ಈ ಲಕ್ಷಣಗಳನ್ನು ವಿವರಿಸಿದರು. ಜರ್ಮನಿಯ ಒಟ್ಟೊ ಉಲ್ರಿಚ್ 1930ರಲ್ಲೇ ಒಬ್ಬ ಬಾಲಕಿಯಲ್ಲಿ ಇದನ್ನು ಗುರುತಿಸಿದ್ದರು. ಕಾರಣ ಒಂದು ಎಕ್ಸ್ ಇಲ್ಲದಿರುವುದು ಎಂಬುದು ಸ್ಪಷ್ಟವಾದದ್ದು 1959ರಲ್ಲಿ. ಹುಟ್ಟುವ ಸುಮಾರು 2,000ದಿಂದ 2,500 ಹೆಣ್ಣುಮಕ್ಕಳಲ್ಲಿ ಒಬ್ಬರಿಗೆ ಇದು ಇರುತ್ತದೆ. 2011ರ ಜನಗಣತಿಯಂತೆ ಕರ್ನಾಟಕದ ಹೆಣ್ಣುಮಕ್ಕಳ ಸಂಖ್ಯೆ ಮೂರು ಕೋಟಿಗೂ ಮಿಗಿಲು. ಆ ಲೆಕ್ಕ ಹಿಡಿದರೆ ನಮ್ಮ ರಾಜ್ಯವೊಂದರಲ್ಲೇ ನಿಮ್ಮಂಥವರು ಹತ್ತು ಸಾವಿರಕ್ಕಿಂತ ಹೆಚ್ಚಿರಬೇಕು. ಅವರಲ್ಲಿ ಅನೇಕರಿಗೆ ತಮಗಿರುವುದು ಏನೆಂಬುದೇ ಗೊತ್ತಿಲ್ಲ, ಗೊತ್ತಿರುವವರು ಹೊರಗೆ ಹೇಳಿಕೊಳ್ಳುವುದಿಲ್ಲ. ಆದ್ದರಿಂದಲೇ ಪ್ರತಿಯೊಬ್ಬರಿಗೂ ಲೋಕದಲ್ಲಿ ತಾನೊಬ್ಬಳೇ ಹೀಗೆ ಎಂದು ಅನ್ನಿಸುತ್ತದೆ.

ಒಂದು ಎಕ್ಸ್ ಇಲ್ಲದಿರುವುದರಿಂದ ಆಗುವ ಎರಡು ಮುಖ್ಯ ಪರಿಣಾಮಗಳು ನಿಮಗೆ ಈಗಾಗಲೇ ಗೊತ್ತಿವೆ. ಮೂಳೆಯ ಬೆಳವಣಿಗೆಗೆ ಬೇಕಾದ ಶಾಕ್ಸ್ ಎಂಬ ಜೀನ್ ಎರಡರ ಬದಲು ಒಂದೇ ಇರುವುದರಿಂದ ಎತ್ತರ ಕಡಿಮೆಯಾಗುತ್ತದೆ. ಅಂಡಾಶಯದಲ್ಲಿರುವ ಅಂಡಗಳು ಹುಟ್ಟುವ ಮೊದಲೇ ಮತ್ತು ಬಾಲ್ಯದ ಮೊದಲ ವರ್ಷಗಳಲ್ಲಿ ಬೇಗ ಬೇಗ ಕ್ಷೀಣಿಸುವುದರಿಂದ, ಹೆಚ್ಚಿನವರಲ್ಲಿ ಹರೆಯಕ್ಕೆ ಬರುವ ಹೊತ್ತಿಗೆ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನ್ ತಯಾರಾಗುವುದೇ ಇಲ್ಲ. ಗರ್ಭಕೋಶ, ಯೋನಿ ಇವೆಲ್ಲ ಎಲ್ಲ ಹೆಣ್ಣುಮಕ್ಕಳಲ್ಲಿ ಇರುವಂತೆಯೇ ಇರುತ್ತವೆ. ನೀವು ಎಲ್ಲ ಅರ್ಥದಲ್ಲಿಯೂ ಹೆಣ್ಣು. ಇದನ್ನು ಬಿಡಿಸಿ ಹೇಳುವುದಕ್ಕೆ ಕಾರಣವಿದೆ: ಕ್ರೋಮೋಸೋಮ್ ವರದಿ ಓದಿದ ಹುಡುಗಿಯರು ನನ್ನೆದುರು ಕುಳಿತು, ಕೇಳಲೂ ಆಗದೆ ಬಿಡಲೂ ಆಗದೆ ಒದ್ದಾಡುವ ಪ್ರಶ್ನೆ ಬಹುಪಾಲು ಇದೇ ಆಗಿರುತ್ತದೆ.

ಬದುಕಿನ ಗುಣಮಟ್ಟದ ಬಗ್ಗೆ ಅಧ್ಯಯನಗಳು ಏನನ್ನುತ್ತವೆ? ಫ್ರಾನ್ಸಿನಲ್ಲಿ ಬಾಲ್ಯದಲ್ಲಿ ಎತ್ತರ ಹೆಚ್ಚಿಸುವ ಗ್ರೋತ್ ಹಾರ್ಮೋನ್ ಚುಚ್ಚುಮದ್ದು ಪಡೆದಿದ್ದ 568 ಯುವತಿಯರನ್ನು ಪ್ರಶ್ನಿಸಿ ಮಾಡಿದ ಅಧ್ಯಯನವೊಂದು 2005ರಲ್ಲಿ ಪ್ರಕಟವಾಯಿತು. ಅವರ ಜೀವನದ ಗುಣಮಟ್ಟದ ಅಂಕಗಳು ಅದೇ ವಯಸ್ಸಿನ ಇತರ ಮಹಿಳೆಯರಿಗಿಂತ ಬೇರೆಯಾಗಿರಲಿಲ್ಲ. ಎತ್ತರಕ್ಕೂ ಆ ಅಂಕಗಳಿಗೂ ಸಂಬಂಧ ಕಾಣಲಿಲ್ಲ. ಅಂಕ ಇಳಿದಿದ್ದು ಹೃದಯದ ಅಥವಾ ಕಿವಿಯ ತೊಂದರೆ ಇದ್ದವರಲ್ಲಿ. ಅದೇ ತಂಡ ಮುಂದಿನ ವರ್ಷ ಪ್ರಕಟಿಸಿದ ವರದಿಯಲ್ಲಿ ಹರೆಯದ ಹಾರ್ಮೋನ್ ಚಿಕಿತ್ಸೆಯನ್ನು ತಡವಾಗಿ ಆರಂಭಿಸುವುದರಿಂದ ಪ್ರೇಮ, ದಾಂಪತ್ಯ ಜೀವನಗಳೂ ತಡವಾಗುತ್ತವೆ, ಅದು ಆತ್ಮವಿಶ್ವಾಸಕ್ಕೂ ತಟ್ಟುತ್ತದೆ ಎಂಬುದು ಕಂಡುಬಂತು. ಅಮೆರಿಕದ ಇನ್ನೊಂದು ಅಧ್ಯಯನ 2006ರಲ್ಲಿ ಬಂದಿದ್ದು, ನಿಮ್ಮ ಪತ್ರಕ್ಕೆ ನೇರವಾಗಿ ಸಂಬಂಧಿಸಿದ್ದು. ಟರ್ನರ್ ಸಿಂಡ್ರೋಮ್ ಇರುವವರನ್ನು, ಎರಡು ಎಕ್ಸ್ ಇದ್ದರೂ ಚಿಕ್ಕ ವಯಸ್ಸಿನಲ್ಲೇ ಅಂಡಾಶಯ ನಿಂತುಹೋದ ಮಹಿಳೆಯರನ್ನು ಮತ್ತು ಆರೋಗ್ಯವಂತ ಮಹಿಳೆಯರನ್ನು ಅಲ್ಲಿ ಹೋಲಿಸಿದ್ದರು. ಸಂಕೋಚ, ಜನರ ನಡುವೆ ಹೋಗುವ ಅಳುಕು ಮತ್ತು ಆತ್ಮವಿಶ್ವಾಸದ ಕೊರತೆ ಮೊದಲ ಎರಡು ಗುಂಪುಗಳಲ್ಲಿ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿದ್ದವು. ಎಂದರೆ, ‘ನಾನು ಹುಟ್ಟಿದ್ದೇ ಹೀಗೆ, ನನ್ನ ಸ್ವಭಾವವೇ ಹೀಗೆ’ ಎಂದು ನೀವು ಭಾವಿಸಿರುವುದರಲ್ಲಿ ಒಂದು ದೊಡ್ಡ ಪಾಲು ಅಂಡಾಶಯದ ವೈಫಲ್ಯಕ್ಕೆ ಮತ್ತು ಅದನ್ನು ಹೊತ್ತು ಬದುಕುವ ದುಃಖಕ್ಕೆ ಸೇರಿದ್ದಾಗಿರಬಹುದು.

ಈಗ ಮಾತ್ರೆಯ ವಿಷಯಕ್ಕೆ ಬರುತ್ತೇನೆ. ಆ ಮಾತ್ರೆ ಮುಟ್ಟು ಬರಿಸುವುದಕ್ಕೆ, ಮುಟ್ಟು ಮಕ್ಕಳಾಗುವುದಕ್ಕೆ ಎಂಬ ಲೆಕ್ಕ ನಮ್ಮ ಮನೆಗಳಲ್ಲಿದೆ. ಮಕ್ಕಳಾಗುವುದಿಲ್ಲ ಎಂದ ಮೇಲೆ ಮಾತ್ರೆ ಯಾಕೆ ಎಂಬ ತೀರ್ಮಾನ ಅಲ್ಲಿಂದಲೇ ಹುಟ್ಟುತ್ತದೆ. ನೀವು ಹಾಗೆ ಯೋಚಿಸಿದ್ದರಲ್ಲಿ ಆಶ್ಚರ್ಯವಿಲ್ಲ, ಏಕೆಂದರೆ ಬೇರೆ ರೀತಿಯಲ್ಲಿ ಯಾರೂ ನಿಮಗೆ ವಿವರಿಸಿಲ್ಲ. ಈಸ್ಟ್ರೋಜನ್ ಕೆಲಸ ಮಾಡುವುದು ಮೂಳೆಗಳಲ್ಲಿ, ರಕ್ತನಾಳಗಳಲ್ಲಿ, ಮೆದುಳಿನಲ್ಲಿ, ಚರ್ಮದಲ್ಲಿ, ಯೋನಿಯ ಪದರದಲ್ಲಿ, ನಿದ್ದೆಯಲ್ಲಿ. ಸಾಮಾನ್ಯ ಮಹಿಳೆಗೆ ಸುಮಾರು ಐವತ್ತು ವರ್ಷದವರೆಗೆ ಅಂಡಾಶಯ ಕೊಡುವುದನ್ನು ನಿಮಗೆ ಔಷಧ ಕೊಡುತ್ತದೆ, ಆದ್ದರಿಂದ ನಿಮಗೂ ಅದು ಸುಮಾರು ಆ ವಯಸ್ಸಿನವರೆಗೆ ಬೇಕು. ಇಪ್ಪತ್ತಮೂರರಲ್ಲಿ ಮಾತ್ರೆ ನಿಲ್ಲಿಸಿದ ನಿಮ್ಮ ದೇಹ ಆ ದಿನದಿಂದಲೇ ಮುಟ್ಟು ನಿಂತ ಹೆಂಗಸಿನ ಸ್ಥಿತಿಯಲ್ಲಿದೆ. ರಾತ್ರಿ ಬೆವರಿ ಎಚ್ಚರವಾಗುವುದು, ಮೈ ಇದ್ದಕ್ಕಿದ್ದಂತೆ ಬಿಸಿಯೇರುವುದು, ಕಾರಣವಿಲ್ಲದೆ ಮನಸ್ಸು ಕುಗ್ಗುವುದು, ಆಯಾಸ – ಇವೆಲ್ಲ ಆ ಸ್ಥಿತಿಯಲ್ಲಿ ಬರುತ್ತವೆ. ಮೂಳೆ ಸವೆಯುವುದು ಮಾತ್ರ ಯಾವ ಸೂಚನೆಯನ್ನೂ ಕೊಡುವುದಿಲ್ಲ. ಮೂಳೆ ತನ್ನ ಪೂರ್ಣ ಬಲವನ್ನು ಕೂಡಿಸಿಕೊಳ್ಳುವ ಇಪ್ಪತ್ತರ ಹರೆಯದಲ್ಲೇ ಈ ನಾಲ್ಕು ವರ್ಷಗಳು ಕಳೆದಿರುವುದರಿಂದ ನಿಮಗೆ ಮೂಳೆ ಸಾಂದ್ರತೆಯ ಡೆಕ್ಸಾ ಪರೀಕ್ಷೆ ಆಗಬೇಕು. ಗಿಡ್ಡ ಇರುವವರಲ್ಲಿ ಆ ಯಂತ್ರ ಸಾಂದ್ರತೆಯನ್ನು ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ, ಆದ್ದರಿಂದ ವರದಿಯ ಅಂಕಿ ನೋಡಿ ನೀವೇ ಗಾಬರಿಯಾಗಬೇಡಿ. ಎತ್ತರವನ್ನು ಗಮನಿಸಿ ಅರ್ಥೈಸುವುದು ವೈದ್ಯರ ಕೆಲಸ.

ಮನೆಯಲ್ಲಿ ಉಳಿದಿರುವ ಹಳೆಯ ಮಾತ್ರೆಯನ್ನು ನೀವೇ ಆರಂಭಿಸಬೇಡಿ. ಎಂಡೋಕ್ರೈನಾಲಜಿಸ್ಟ್, ಅಂದರೆ ಹಾರ್ಮೋನ್ ತಜ್ಞರೊಬ್ಬರನ್ನು ಕಾಣಿರಿ. ರಕ್ತದೊತ್ತಡ, ಲಿವರ್ ಪರೀಕ್ಷೆ, ಸಕ್ಕರೆಯ ಅಂಶಗಳನ್ನು ನೋಡಿ ಅವರು ಪ್ರಮಾಣ ನಿರ್ಧರಿಸುತ್ತಾರೆ. ಚರ್ಮದ ಮೂಲಕ ಹೋಗುವ ಈಸ್ಟ್ರೋಜನ್, ಅಂದರೆ ಜೆಲ್ ಅಥವಾ ಪಟ್ಟಿ, ರಕ್ತ ಹೆಪ್ಪುಗಟ್ಟುವ ಅಪಾಯದ ದೃಷ್ಟಿಯಿಂದ ಮಾತ್ರೆಗಿಂತ ಉತ್ತಮ. ಅದು ಸಿಗದಿದ್ದರೆ ಅಥವಾ ಕೈಗೆಟುಕದಿದ್ದರೆ ಈಸ್ಟ್ರಡಯೋಲ್ ಮಾತ್ರೆ ಸಾಕು. ಏನೂ ತೆಗೆದುಕೊಳ್ಳದಿರುವುದಕ್ಕಿಂತ ಅದು ಎಷ್ಟೋ ಮೇಲು. ಗರ್ಭಕೋಶದ ಒಳಪದರದ ರಕ್ಷಣೆಗೆ ಜೊತೆಯಲ್ಲಿ ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನ್ ಬೇಕೇ ಬೇಕು, ಅದನ್ನು ಬಿಟ್ಟು ಈಸ್ಟ್ರೋಜನ್ ಒಂದನ್ನೇ ವರ್ಷಗಟ್ಟಲೆ ತೆಗೆದುಕೊಳ್ಳಬಾರದು. ಹಾರ್ಮೋನ್ ತೆಗೆದುಕೊಂಡರೆ ಕ್ಯಾನ್ಸರ್ ಬರುತ್ತದೆ ಎಂದು ಯಾರಾದರೂ ನಿಮ್ಮನ್ನು ಹೆದರಿಸಿಯೇ ಇರುತ್ತಾರೆ. ಆ ಭಯದ ಮೂಲ 2002ರಲ್ಲಿ ಪ್ರಕಟವಾದ ಅಮೆರಿಕದ ಒಂದು ದೊಡ್ಡ ಅಧ್ಯಯನ. ಅದರಲ್ಲಿ ಭಾಗವಹಿಸಿದ್ದವರು ಮುಟ್ಟು ನಿಂತ, 50ರಿಂದ 79 ವಯಸ್ಸಿನವರು. ದೇಹಕ್ಕೆ ಇನ್ನು ಬೇಡವಾದ ವಯಸ್ಸಿನಲ್ಲಿ ಹಾರ್ಮೋನ್ ಸೇರಿಸುವುದೂ, ಇರಲೇಬೇಕಾದ ವಯಸ್ಸಿನಲ್ಲಿ ಇಲ್ಲದ್ದನ್ನು ತುಂಬಿಕೊಡುವುದೂ ಬೇರೆ ಬೇರೆ. ಆ ಅಧ್ಯಯನದ ಫಲಿತಾಂಶವನ್ನು 27ರ ಹುಡುಗಿಯ ಮೇಲೆ ಹೇರಿ ಔಷಧ ನಿಲ್ಲಿಸುವುದನ್ನು ನಾನು ಒಪ್ಪುವುದಿಲ್ಲ.

ನಿಮ್ಮ ಆಯಾಸಕ್ಕೆ ಈಸ್ಟ್ರೋಜನ್ ಕೊರತೆಯೊಂದೇ ಕಾರಣ ಎಂದೂ ನಾನು ಇಲ್ಲಿಂದ ಹೇಳಲಾರೆ. ಟರ್ನರ್ ಸಿಂಡ್ರೋಮ್ ಇರುವವರಲ್ಲಿ ಥೈರಾಯ್ಡ್ ಕೊರತೆ ಬಹಳ ಸಾಮಾನ್ಯ, ಆದ್ದರಿಂದ ವರ್ಷಕ್ಕೊಮ್ಮೆ ಟಿಎಸ್ಎಚ್ ಎಂಬ ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸಬೇಕು. ಗೋಧಿಯಲ್ಲಿರುವ ಗ್ಲುಟೆನ್ ಒಗ್ಗದ ಸೀಲಿಯಾಕ್ ಕಾಯಿಲೆಯೂ ಇವರಲ್ಲಿ ಇತರರಿಗಿಂತ ಹೆಚ್ಚು. ಹೊಟ್ಟೆಯ ತೊಂದರೆ ಏನೂ ಇಲ್ಲದೆ ರಕ್ತಹೀನತೆ, ಸುಸ್ತು ಮಾತ್ರ ಕಾಣಿಸಿಕೊಳ್ಳಬಹುದು. ಇದಕ್ಕೊಂದು ರಕ್ತಪರೀಕ್ಷೆ ಇದೆ, ಅದನ್ನು ಮಾಡಿಸುವ ಮೊದಲೇ ಗೋಧಿ ಬಿಟ್ಟರೆ ಫಲಿತಾಂಶ ತಪ್ಪಾಗುತ್ತದೆ. ಒಂದು ವೇಳೆ ಇದ್ದರೂ ರಾಗಿ, ಜೋಳ, ಅಕ್ಕಿ ಉಣ್ಣುವ ನಾಡಿನವರಿಗೆ ಗೋಧಿ ಬಿಡುವುದು ಅಷ್ಟು ಕಷ್ಟವಲ್ಲ. ರಾಗಿಯಿಂದ ಮೂಳೆಗೆ ಬೇಕಾದ ಕ್ಯಾಲ್ಸಿಯಂ ಕೂಡ ಸಿಗುತ್ತದೆ, 100 ಗ್ರಾಂನಲ್ಲಿ ಸುಮಾರು 350 ಮಿಲಿಗ್ರಾಂನಷ್ಟು. ಹಿಮೋಗ್ಲೋಬಿನ್, ವಿಟಮಿನ್ ಡಿ, ಮೂರು ತಿಂಗಳ ಸಕ್ಕರೆಯ ಸರಾಸರಿ, ಲಿವರ್ ಪರೀಕ್ಷೆ, ಒಮ್ಮೆ ಮೂತ್ರಪಿಂಡದ ಸ್ಕ್ಯಾನಿಂಗ್ – ಇವನ್ನೂ ಅದೇ ಭೇಟಿಯಲ್ಲಿ ಮುಗಿಸಬಹುದು. ನಿಮ್ಮ ಕ್ರೋಮೋಸೋಮ್ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಗಂಡಸರಲ್ಲಿರುವ ವೈ ಕ್ರೋಮೋಸೋಮಿನ ಅಂಶವನ್ನು ಹುಡುಕಿದ್ದರೇ ಎಂಬುದನ್ನು ವೈದ್ಯರನ್ನು ಕೇಳಿರಿ. ಕೆಲವರಲ್ಲಿ ಅದು ಇರುತ್ತದೆ, ಇದ್ದರೆ ಕೆಲಸ ಮಾಡದ ಆ ಅಂಡಾಶಯದಲ್ಲಿ ಗೆಡ್ಡೆ ಬೆಳೆಯುವ ಅಪಾಯವಿರುವುದರಿಂದ ಅದನ್ನು ತೆಗೆಸಲು ಸಲಹೆ ಕೊಡುತ್ತಾರೆ. ಇದರಿಂದ ನೀವು ಹೆಣ್ಣಾಗಿರುವುದಕ್ಕೆ ಯಾವ ಬದಲಾವಣೆಯೂ ಇಲ್ಲ.

ಮದುವೆ ಮುಂಜಿಗಳಿಗೆ ಹೋಗಲು ಮನಸ್ಸಾಗುವುದಿಲ್ಲ ಎಂದಿದ್ದೀರಿ. ಅದನ್ನು ಓದಿದಾಗ ನನಗೆ ಮೊದಲು ಬಂದ ಪ್ರಶ್ನೆ, ನಿಮ್ಮ ಕಿವಿ ಹೇಗಿದೆ ಎಂಬುದು. ಟರ್ನರ್ ಸಿಂಡ್ರೋಮ್ ಇರುವ ಮಕ್ಕಳಿಗೆ ಪದೇ ಪದೇ ಕಿವಿ ಸೋರುತ್ತದೆ. ದೊಡ್ಡವರಾದ ಮೇಲೆ ಒಳಕಿವಿಯ ನರದ ಮಟ್ಟದಲ್ಲಿ ಶ್ರವಣಶಕ್ತಿ ನಿಧಾನವಾಗಿ ಇಳಿಯುತ್ತದೆ. ಅದು ಇಪ್ಪತ್ತು, ಮೂವತ್ತರ ವಯಸ್ಸಿನಲ್ಲೇ ಆರಂಭವಾಗಬಹುದು. ಎದುರಿಗೆ ಕುಳಿತು ಒಬ್ಬರೇ ಮಾತಾಡಿದರೆ ಎಲ್ಲ ಕೇಳಿಸುತ್ತದೆ, ಆದ್ದರಿಂದ ಕಿವಿ ಮಂದವಾಗಿದೆ ಎಂದು ತಮಗೇ ತಿಳಿಯುವುದಿಲ್ಲ. ಛತ್ರದಲ್ಲಿ ವಾಲಗದ ಸದ್ದು, ಹತ್ತು ಜನರ ಮಾತು, ಪಂಕ್ತಿಯಲ್ಲಿ ಕುಳಿತವರ ನಗೆ – ಅದರ ನಡುವೆ ಪಕ್ಕದವರ ಮಾತನ್ನು ಹಿಡಿಯಲು ಅಪಾರ ಶ್ರಮ ಬೇಕಾಗುತ್ತದೆ, ತಪ್ಪು ಉತ್ತರ ಕೊಟ್ಟು ನಗೆಪಾಟಲಾದ ಅನುಭವ ಒಂದೆರಡಾದರೆ ಹೋಗುವುದೇ ಬೇಡ ಅನ್ನಿಸುತ್ತದೆ. ಗಲಾಟೆಯ ತರಗತಿಯಲ್ಲಿ ದಿನವಿಡೀ ಪಾಠ ಮಾಡಿ ಸಂಜೆ ನೀವು ಸೋತುಹೋಗುವುದರಲ್ಲಿಯೂ ಇದರ ಪಾಲಿರಬಹುದು. ಆಡಿಯೋಮೆಟ್ರಿ ಪರೀಕ್ಷೆ ಅರ್ಧ ಗಂಟೆಯ ಕೆಲಸ, ನೋವಿಲ್ಲದ್ದು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಈ ವಿಷಯದಲ್ಲಿ ದೇಶದ ಮುಂಚೂಣಿಯ ಸರ್ಕಾರಿ ಸಂಸ್ಥೆ. ಅಷ್ಟು ದೂರ ಹೋಗಲಾಗದಿದ್ದರೆ ಹತ್ತಿರದ ವೈದ್ಯಕೀಯ ಕಾಲೇಜಿನ ಕಿವಿ, ಮೂಗು, ಗಂಟಲು ವಿಭಾಗದಲ್ಲಿಯೂ ಮಾಡುತ್ತಾರೆ. ಶ್ರವಣಯಂತ್ರ ಬೇಕೆಂದರೆ ಹಿಂಜರಿಯಬೇಡಿ. ಕನ್ನಡಕ ಹಾಕಿಕೊಳ್ಳಲು ನಾಚದ ನಾವು ಕಿವಿಯ ಯಂತ್ರಕ್ಕೆ ಇಷ್ಟು ನಾಚುವುದು ಬಿಡಬೇಕು. ನಾನು ನೋಡಿದ ಹಲವು ಹೆಣ್ಣುಮಕ್ಕಳಲ್ಲಿ, ಮನೆಯವರು ಮೂಗಿ ಎಂದು ಕರೆಯುತ್ತಿದ್ದವಳು ಯಂತ್ರ ಹಾಕಿದ ಕೆಲವೇ ತಿಂಗಳಲ್ಲಿ ಎಲ್ಲರೊಡನೆ ಬೆರೆತದ್ದಿದೆ.

ಹೃದಯದ ವಿಷಯದಲ್ಲಿ ನಾನು ಮುಚ್ಚುಮರೆಯಿಲ್ಲದೆ ಹೇಳಬೇಕು. ಟರ್ನರ್ ಸಿಂಡ್ರೋಮ್ ಇರುವವರಲ್ಲಿ ಹೃದಯದಿಂದ ಮೈಗೆಲ್ಲ ರಕ್ತ ಒಯ್ಯುವ ಮಹಾಪಧಮನಿಯ ಕವಾಟಕ್ಕೆ ಮೂರು ಎಸಳುಗಳ ಬದಲು ಎರಡೇ ಇರುವುದು, ಮಹಾಪಧಮನಿ ಒಂದು ಕಡೆ ಕಿರಿದಾಗಿರುವುದು ಅಪರೂಪವಲ್ಲ. ಏನೂ ದೋಷವಿಲ್ಲದಿದ್ದರೂ ಕೆಲವರಲ್ಲಿ ಮಹಾಪಧಮನಿ ನಿಧಾನವಾಗಿ ಹಿಗ್ಗುತ್ತಾ ಹೋಗುತ್ತದೆ, ತೀರ ವಿರಳವಾಗಿ ಅದರ ಗೋಡೆ ಸೀಳುತ್ತದೆ. ವಿರಳವಾದರೂ ಸಾಮಾನ್ಯ ಮಹಿಳೆಯರಿಗಿಂತ ಹೆಚ್ಚು, ಅದೂ ಯೌವನದಲ್ಲೇ. ಆದ್ದರಿಂದ ಹಿಂದೆಂದೋ ಎಕೋ, ಅಂದರೆ ಹೃದಯದ ಸ್ಕ್ಯಾನಿಂಗ್ ಆಗಿದ್ದರೂ ಈಗ ಮತ್ತೊಮ್ಮೆ ಮಾಡಿಸಿ, ಸಾಧ್ಯವಾದರೆ ಒಂದು ಸಲ ಹೃದಯ ಮತ್ತು ಮಹಾಪಧಮನಿಯ ಎಂಆರ್‌ಐ ಕೂಡ ಆಗಲಿ. ಬೆಂಗಳೂರು, ಮೈಸೂರು, ಕಲಬುರಗಿಗಳಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ ಆಸ್ಪತ್ರೆಗಳಿವೆ. ಪರೀಕ್ಷೆ ಮಾಡುವವರಿಗೆ ನಿಮಗೆ ಟರ್ನರ್ ಸಿಂಡ್ರೋಮ್ ಇದೆ ಎಂದು ಹೇಳಲೇಬೇಕು, ಏಕೆಂದರೆ ಮಹಾಪಧಮನಿಯ ಅಗಲವನ್ನು ದೇಹದ ಗಾತ್ರಕ್ಕೆ ಹೊಂದಿಸಿ ನೋಡಬೇಕಾಗುತ್ತದೆ: ಎತ್ತರದ ಮಹಿಳೆಯಲ್ಲಿ ಸಹಜವೆನ್ನಿಸುವ ಅಳತೆ 143 ಸೆಂಟಿಮೀಟರಿನ ನಿಮ್ಮಲ್ಲಿ ಹಿಗ್ಗಿದ್ದರ ಗುರುತಾಗಿರಬಹುದು. ರಕ್ತದೊತ್ತಡವನ್ನು ವರ್ಷಕ್ಕೊಮ್ಮೆಯಾದರೂ ನೋಡಿಸಿ, ಹೆಚ್ಚಿದ್ದರೆ ವಯಸ್ಸು ಚಿಕ್ಕದು ಎಂದು ಸುಮ್ಮನಿರಬಾರದು. ಎದೆಯಲ್ಲಿ ಅಥವಾ ಎರಡು ಭುಜಗಳ ನಡುವೆ ಬೆನ್ನಿನಲ್ಲಿ ಇದ್ದಕ್ಕಿದ್ದಂತೆ ತಡೆಯಲಾಗದ ನೋವು ಬಂದರೆ ತಕ್ಷಣ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ, ಟರ್ನರ್ ಸಿಂಡ್ರೋಮ್ ಎಂಬ ಹೆಸರನ್ನು ಹೇಳಿ ಸಿಟಿ ಸ್ಕ್ಯಾನ್ ಕೇಳಿರಿ. ಚಿಕ್ಕ ವಯಸ್ಸು, ಇಸಿಜಿ ಸರಿಯಿದೆ, ಗ್ಯಾಸ್ಟ್ರಿಕ್ ಇರಬೇಕು ಎಂದು ಮನೆಗೆ ಕಳುಹಿಸುವುದು ಇಂಥ ಹೊತ್ತಿನಲ್ಲಿ ಪ್ರಾಣಕ್ಕೇ ಎರವಾಗಬಹುದು. ತನ್ನ ಸ್ಥಿತಿಯ ಹೆಸರೇ ಗೊತ್ತಿಲ್ಲದ ಹುಡುಗಿ ಇದನ್ನು ಹೇಳುವುದಾದರೂ ಹೇಗೆ?

ಎತ್ತರದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಬೆಳವಣಿಗೆ ಮುಗಿದಿರುವುದರಿಂದ ಗ್ರೋತ್ ಹಾರ್ಮೋನ್‌ನಿಂದ ನಿಮಗೆ ಪ್ರಯೋಜನವಿಲ್ಲ. ಎತ್ತರ ಹೆಚ್ಚಿಸುತ್ತೇವೆಂದು ಜಾಹೀರಾತು ಕೊಡುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಇದನ್ನು ಓದುತ್ತಿರುವ ತಂದೆತಾಯಿಯರಿಗೆ ಹೇಳುವುದಿದೆ: ಚಿಕ್ಕ ವಯಸ್ಸಿನಲ್ಲೇ ಪತ್ತೆಯಾದರೆ ಆ ಚುಚ್ಚುಮದ್ದಿನಿಂದ ಕೆಲವು ಸೆಂಟಿಮೀಟರ್ ಎತ್ತರ ಸಿಗುತ್ತದೆ, ಕೇಂದ್ರದ 2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯಲ್ಲಿ ಟರ್ನರ್ ಸಿಂಡ್ರೋಮ್‌ಗೆ ಕೊಡುವ ಗ್ರೋತ್ ಹಾರ್ಮೋನ್ ಕೂಡ ಸೇರಿದೆ. ಆದರೆ ಕೈಯಲ್ಲಿದ್ದ ಹಣವನ್ನೆಲ್ಲ ಅದಕ್ಕೇ ಸುರಿದು, ಹನ್ನೊಂದು ಹನ್ನೆರಡಕ್ಕೆ ಸಣ್ಣ ಪ್ರಮಾಣದಲ್ಲಿ ಆರಂಭವಾಗಬೇಕಾದ ಈಸ್ಟ್ರೋಜನನ್ನು ಇನ್ನೂ ಸ್ವಲ್ಪ ಬೆಳೆಯಲಿ ಎಂದು ಹದಿನಾರರವರೆಗೆ ಮುಂದೂಡಬಾರದು. ಜೊತೆಯ ಹುಡುಗಿಯರೆಲ್ಲ ದೊಡ್ಡವರಾಗಿ, ಒಬ್ಬೊಬ್ಬರ ಮನೆಯ ಆರತಿಗೂ ಹೋಗಿ ಬರುತ್ತಾ ತಾನೊಬ್ಬಳು ಮಗುವಿನ ಮೈಯಲ್ಲೇ ಉಳಿಯುವ ಹುಡುಗಿಯ ಮನಸ್ಸಿಗೆ ಆಗುವ ಗಾಯವನ್ನು ಆಮೇಲೆ ಗಳಿಸಿದ ಎರಡು ಸೆಂಟಿಮೀಟರ್ ತುಂಬಿಕೊಡುವುದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು ವೈದ್ಯಕೀಯ ಅಥವಾ ಆನುವಂಶಿಕ ಕಾರಣದಿಂದ ವಯಸ್ಕರಾದಾಗ 147 ಸೆಂಟಿಮೀಟರ್ ಅಥವಾ ಅದಕ್ಕಿಂತ ಕಡಿಮೆ ಎತ್ತರ ಇರುವುದನ್ನು ಕುಬ್ಜತೆ ಎಂದು ಗುರುತಿಸಿದೆ. ಮೀಸಲಾತಿಗೆ ಶೇಕಡಾ 40ರಷ್ಟು ಅಂಗವೈಕಲ್ಯದ ಪ್ರಮಾಣ ಬೇಕಾಗುವುದರಿಂದ ನಿಮ್ಮ ಎತ್ತರವೊಂದರಿಂದಲೇ ಅದು ಸಿಗುತ್ತದೆಂದು ನಾನು ಭಾವಿಸುವುದಿಲ್ಲ. ಶ್ರವಣದೋಷವೂ ಇದ್ದರೆ ಎರಡನ್ನೂ ಸೇರಿಸಿ ಜಿಲ್ಲಾಸ್ಪತ್ರೆಯ ಮಂಡಳಿಯ ಮುಂದೆ ಹೋಗಬಹುದು.

ಇನ್ನೊಂದು ವಿಷಯವನ್ನು ನೀವು ಕೇಳಿಲ್ಲ, ಆದರೂ ತಿಳಿದಿರುವುದು ಒಳ್ಳೆಯದು. ಟರ್ನರ್ ಸಿಂಡ್ರೋಮ್ ಇರುವ ಹೆಚ್ಚಿನವರ ಬುದ್ಧಿಶಕ್ತಿ ಸಾಮಾನ್ಯ ಮಟ್ಟದ್ದೇ. ಓದು, ಭಾಷೆ, ನೆನಪುಗಳಲ್ಲಿ ಅನೇಕರು ಮುಂದಿರುತ್ತಾರೆ. ಗಣಿತ, ನಕ್ಷೆ ನೋಡಿ ದಾರಿ ಹಿಡಿಯುವುದು, ವಾಹನ ಓಡಿಸುವುದು, ಎದುರಿನವರ ಮುಖಭಾವದಿಂದ ಮನಸ್ಸನ್ನು ಅಳೆಯುವುದು ಕೆಲವರಿಗೆ ಕಷ್ಟ. ಸ್ಕೂಟಿ ಕಲಿಯಲು ಇತರರಿಗಿಂತ ಹೆಚ್ಚು ದಿನ ಬೇಕಾಗಿದ್ದರೆ ಅಥವಾ ಗುಂಪಿನ ಹಾಸ್ಯ ತಕ್ಷಣ ಹೊಳೆಯದಿದ್ದರೆ ಅದನ್ನು ದಡ್ಡತನವೆಂದು ನೀವು ಲೆಕ್ಕ ಹಾಕಿಕೊಂಡಿರಬಹುದು. ಮೆದುಳು ಕೆಲಸ ಮಾಡುವ ರೀತಿಯಲ್ಲಿರುವ ಈ ವ್ಯತ್ಯಾಸಕ್ಕೆ ಅಭ್ಯಾಸದಿಂದ ದಾರಿಗಳಿವೆ. ಹಾರ್ಮೋನ್ ಆರಂಭವಾಗಿ ಕೆಲವು ತಿಂಗಳಾದ ಮೇಲೂ ಮನಸ್ಸು ಹಗುರಾಗದಿದ್ದರೆ ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಿರಿ. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು.

ಮದುವೆಯ ವಿಚಾರದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ. ಮದುವೆ ನಿಶ್ಚಯವಾಗುವ ಮೊದಲು ಹುಡುಗನಿಗೆ ತಿಳಿಯಬೇಕು, ತಿಳಿಸಬೇಕಾದವರು ನೀವು. ಹುಡುಗನ ಕಡೆಯವರಿಗೆಲ್ಲ ನಿಮ್ಮ ವರದಿಯನ್ನು ತೆರೆದಿಡಬೇಕಾಗಿಲ್ಲ. ಬಂದ ಪ್ರತಿಯೊಂದು ಸಂಬಂಧಕ್ಕೂ ಮೊದಲ ದಿನವೇ ಹೇಳಬೇಕಾಗಿಲ್ಲ. ಇಬ್ಬರಿಗೂ ಮಾತು ಮುಂದುವರಿಸುವ ಮನಸ್ಸಿದೆ ಎಂದು ಕಂಡ ಮೇಲೆ, ಮಾತುಕತೆ ಕೊಡುಕೊಳ್ಳುವಿಕೆಯವರೆಗೆ ಹೋಗುವ ಮೊದಲು, ಅವರೊಬ್ಬರ ಹತ್ತಿರ ಹೇಳಿ: ‘ಹುಟ್ಟಿನಿಂದ ನನಗೆ ಒಂದು ಎಕ್ಸ್ ಕ್ರೋಮೋಸೋಮ್ ಇಲ್ಲ. ಐವತ್ತು ವರ್ಷದವರೆಗೆ ಹಾರ್ಮೋನ್ ತೆಗೆದುಕೊಳ್ಳಬೇಕು. ಸ್ವಂತ ಅಂಡದಿಂದ ಮಗುವಾಗುವ ಸಾಧ್ಯತೆ ಇಲ್ಲವೆನ್ನುವಷ್ಟು ಕಡಿಮೆ. ಉಳಿದಂತೆ ದಾಂಪತ್ಯಕ್ಕೆ ಅಡ್ಡಿಯಿಲ್ಲ. ಬೇಕಿದ್ದರೆ ನನ್ನ ಡಾಕ್ಟರ ಹತ್ತಿರ ಒಟ್ಟಿಗೆ ಹೋಗಿ ಕೇಳೋಣ.’ ಇಷ್ಟು ಸಾಕು. ದಾಂಪತ್ಯಕ್ಕೆ ಅಡ್ಡಿಯಿಲ್ಲ ಎಂಬುದು ವೈದ್ಯಕೀಯವಾಗಿ ನಿಜ. ಈಸ್ಟ್ರೋಜನ್ ಇಲ್ಲದಿರುವಾಗ ಯೋನಿ ಒಣಗಿ ನೋವಾಗುತ್ತದೆ, ಚಿಕಿತ್ಸೆ ಆರಂಭಿಸಿದರೆ ಅದು ಸರಿಹೋಗುತ್ತದೆ. ಇದನ್ನು ಮುಚ್ಚಿಟ್ಟು ಮದುವೆಯಾಗು ಎಂದು ಹಿರಿಯರು ಹೇಳಿದರೆ ಒಪ್ಪಬೇಡಿ. ಮುಖ್ಯ ಸಂಗತಿಯನ್ನು ಮರೆಮಾಚಿ ಒಪ್ಪಿಗೆ ಪಡೆದ ಮದುವೆಯನ್ನು ರದ್ದುಪಡಿಸುವಂತೆ ಕೋರಲು ಹಿಂದೂ ವಿವಾಹ ಕಾಯ್ದೆಯ 12ನೆಯ ಸೆಕ್ಷನ್‌ನಲ್ಲಿ ಅವಕಾಶವಿದೆ. ಕಾನೂನಿನ ಮಾತು ಅತ್ತ ಇರಲಿ, ಮಾತ್ರೆಯ ಡಬ್ಬಿಯನ್ನು ಬಚ್ಚಿಟ್ಟು, ‘ವಿಶೇಷ ಏನಾದರೂ ಇದೆಯಾ’ ಎಂದು ತಿಂಗಳು ತಿಂಗಳೂ ಕೇಳುವವರ ಮುಂದೆ ಸುಳ್ಳು ಹೇಳುತ್ತಾ ಬದುಕುವುದು ಯಾವ ಕಾಯಿಲೆಗಿಂತಲೂ ಹೆಚ್ಚು ಸುಸ್ತು ಮಾಡುತ್ತದೆ. ನಿಜ ತಿಳಿದು ಹಿಂದೆ ಸರಿಯುವವರು ಇರುತ್ತಾರೆ. ಅದು ನೋಯಿಸುತ್ತದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ತಿಳಿದೇ ಮದುವೆಯಾಗಿ ನೆಮ್ಮದಿಯಿಂದಿರುವವರನ್ನೂ, ಮದುವೆಯೇ ಬೇಡವೆಂದು ಉದ್ಯೋಗದಲ್ಲಿ, ಸ್ನೇಹಿತರಲ್ಲಿ ತುಂಬು ಬಾಳು ಕಂಡವರನ್ನೂ ನಾನು ಬಲ್ಲೆ.

ಮಕ್ಕಳ ಬಗ್ಗೆ ಈಗಲೇ ನಿರ್ಧಾರ ಬೇಕಿಲ್ಲ, ದಾರಿಗಳು ಯಾವುವೆಂದು ಗೊತ್ತಿದ್ದರೆ ಸಾಕು. ದಾನಿಯ ಅಂಡದಿಂದ ಐವಿಎಫ್, ಅಂದರೆ ಅಂಡ ಮತ್ತು ವೀರ್ಯಾಣುಗಳನ್ನು ದೇಹದ ಹೊರಗೆ ಕೂಡಿಸುವ ವಿಧಾನದ ಮೂಲಕ ನಿಮ್ಮದೇ ಗರ್ಭಕೋಶದಲ್ಲಿ ಮಗು ಬೆಳೆಯಬಹುದು, ಅದಕ್ಕಾಗಿಯೂ ಗರ್ಭಕೋಶ ವರ್ಷಗಳ ಕಾಲ ಈಸ್ಟ್ರೋಜನ್ ಪಡೆದಿರಬೇಕು. 2021ರ ಸಹಾಯಕ ಸಂತಾನೋತ್ಪತ್ತಿ ತಂತ್ರಜ್ಞಾನ ಕಾಯ್ದೆಯಂತೆ ಅಂಡದಾನಿ 23ರಿಂದ 35ರ ವಯಸ್ಸಿನವರಾಗಿರಬೇಕು, ಜೀವನದಲ್ಲಿ ಒಮ್ಮೆ ಮಾತ್ರ ದಾನ ಮಾಡಬಹುದು. ಆದರೆ ಗರ್ಭಧಾರಣೆಯಲ್ಲಿ ಮಹಾಪಧಮನಿಯ ಮೇಲೆ ಬೀಳುವ ಒತ್ತಡ ಹೆಚ್ಚು. ಅದು ಹಿಗ್ಗಿದ್ದರೆ ಅಥವಾ ಕವಾಟದ ದೋಷ, ರಕ್ತದೊತ್ತಡ ಜೊತೆಗಿದ್ದರೆ ಗರ್ಭ ಧರಿಸಬೇಡಿ ಎಂದೇ ಹೃದ್ರೋಗ ತಜ್ಞರು ಹೇಳುತ್ತಾರೆ, ಹೇಳಬೇಕು. ಎಕೋ ಮತ್ತು ಎಂಆರ್‌ಐ ನೋಡದೆ ಐವಿಎಫ್‌ಗೆ ಮುಂದಾಗುವ ಕೇಂದ್ರಕ್ಕೆ ಕಾಲಿಡಬೇಡಿ. ಗರ್ಭ ಧರಿಸಬಾರದೆಂದು ತಜ್ಞರು ಹೇಳಿದ ಸಂದರ್ಭದಲ್ಲಿ, ಬಾಡಿಗೆ ತಾಯ್ತನದಲ್ಲಿ ದಾನಿಯ ಅಂಡವನ್ನು ಬಳಸಲು, ಜಿಲ್ಲಾ ವೈದ್ಯಕೀಯ ಮಂಡಳಿಯ ಪ್ರಮಾಣಪತ್ರದೊಂದಿಗೆ, 2024ರ ಫೆಬ್ರವರಿಯಲ್ಲಿ ತಿದ್ದಿದ ನಿಯಮ ಅವಕಾಶ ಕೊಟ್ಟಿದೆ. ದತ್ತು ಸ್ವೀಕಾರ ಇನ್ನೊಂದು ದಾರಿ. ಅದಕ್ಕೆ ಮದುವೆಯೂ ಕಡ್ಡಾಯವಲ್ಲ.

ಕೊನೆಯದು ನಿಮ್ಮ ತಾಯಿಯ ವಿಷಯ. ಅಮೆರಿಕದ ಸಂಶೋಧಕರು 2006ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಟರ್ನರ್ ಸಿಂಡ್ರೋಮ್ ಇರುವ ಮಹಿಳೆಯರಲ್ಲಿ ಹಲವರು ತಮಗೆ ನಿಜವನ್ನು ತುಂಡುತುಂಡಾಗಿ ಹೇಳಿದ್ದರು ಅಥವಾ ಮುಚ್ಚಿಟ್ಟಿದ್ದರು ಎಂದು ನೋವಿನಿಂದ ನೆನೆದಿದ್ದರು. ಹಾಗೆ ಬಚ್ಚಿಡುವುದು ನಮ್ಮ ಊರಿನ ಮನೆಗಳಿಗಷ್ಟೇ ಸೇರಿದ್ದಲ್ಲ. ‘ಹುಡುಗಿಗೆ ಈಗಲೇ ಹೇಳಬೇಡಿ’ ಎಂದು ವೈದ್ಯರೇ ತಾಯಂದಿರಿಗೆ ಸೂಚಿಸುವ ಪದ್ಧತಿ ಬಹಳ ಕಾಲ ಇತ್ತು. ಆ ಸಲಹೆ ತಪ್ಪೆಂದು ನಾನು ಖಚಿತವಾಗಿ ನಂಬಿದ್ದೇನೆ, ಆದರೆ ಅದನ್ನು ಪಾಲಿಸಿದ ತಾಯಿಯ ಮೇಲೆ ಸಿಟ್ಟಾಗಲು ನನ್ನಿಂದಾಗದು. ನಿಮಗೆ ಸಿಟ್ಟು ಬಂದಿದ್ದರೆ ಅದೂ ನ್ಯಾಯವೇ. ‘ಯಾಕೆ ಮುಚ್ಚಿಟ್ಟೆ’ ಎಂದು ಆರಂಭಿಸಿದರೆ ಅಮ್ಮ ಅತ್ತು ಮಾತು ಅಲ್ಲಿಗೇ ನಿಲ್ಲಬಹುದು. ‘ಅಮ್ಮಾ, ನನಗೆ ವರದಿ ಸಿಕ್ಕಿತು, ಆಗ ಡಾಕ್ಟರು ನಿಮಗೆ ಏನು ಹೇಳಿದ್ದರು’ ಎಂದು ಕೇಳಿ ನೋಡಿ. ಬಹುಶಃ ಅಷ್ಟೂ ವರ್ಷ ಅವರು ತಮ್ಮಿಂದಲೇ ಹೀಗಾಯಿತು ಎಂಬ ಅಪರಾಧಭಾವವನ್ನು ಹೊತ್ತಿದ್ದಾರೆ: ಬಸುರಿಯಲ್ಲಿ ಏನೋ ತಿಂದದ್ದು, ಗ್ರಹಣ ನೋಡಿದ್ದು, ಸೋದರಸಂಬಂಧದಲ್ಲಿ ಮದುವೆಯಾದದ್ದು ಎಂದು ಯಾರೋ ಹೇಳಿರುತ್ತಾರೆ. ಇವು ಯಾವುವೂ ಕಾರಣವಲ್ಲ. ಅಂಡ ಅಥವಾ ವೀರ್ಯಾಣು ರೂಪುಗೊಳ್ಳುವಾಗಲೋ, ಗರ್ಭಾಂಕುರವಾದ ಮೊದಲ ಕೆಲವು ದಿನಗಳ ಕೋಶ ವಿಭಜನೆಯಲ್ಲೋ ಒಂದು ಕ್ರೋಮೋಸೋಮ್ ಆಕಸ್ಮಿಕವಾಗಿ ಕಳೆದುಹೋಗುತ್ತದೆ. ತಾಯಿಯ ವಯಸ್ಸಿಗೂ ಇದಕ್ಕೂ ಸಂಬಂಧವಿಲ್ಲ. 45,ಎಕ್ಸ್ ಇರುವ ಹೆಚ್ಚಿನವರಲ್ಲಿ ಉಳಿದುಕೊಂಡಿರುವ ಒಂದು ಎಕ್ಸ್ ತಾಯಿಯಿಂದ ಬಂದದ್ದೇ ಆಗಿರುತ್ತದೆ, ಹಾಗೆಂದು ತಪ್ಪು ತಂದೆಯದೂ ಅಲ್ಲ. ಎಂಡೋಕ್ರೈನಾಲಜಿಸ್ಟ್ ಹತ್ತಿರ ಮೊದಲ ಸಲ ಹೋಗುವಾಗ ಅಮ್ಮನನ್ನೂ ಕರೆದುಕೊಂಡು ಹೋಗಿ, ಇದನ್ನು ಅವರ ಎದುರಿನಲ್ಲೇ ವಿವರಿಸುವಂತೆ ವೈದ್ಯರನ್ನು ಕೇಳಿಕೊಳ್ಳಿ.